ವಿಂಡೋಸ್ ಮುಂದೆ, ಲಿನಕ್ಸ್ ನಡುವೆ, ಒರಾಕಲ್ ಹಿಂದೆ: ಬೆರಕೆ ಓಡಿದ್ದು ಹೀಗೆ

ಮುಂದೆ ವಿಂಡೋಸ್ ಐಐಎಸ್ (ವೆಬ್ ಸರ್ವರ್), ನಡುವೆ ಲಿನಕ್ಸ್ ಮೇಲೆ ಜಾವಾ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್, ಹಿಂದೆ ಒರಾಕಲ್ ಡೇಟಾಬೇಸ್, ರಿಪೋರ್ಟಿಗೆ ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್. ಈ ಕಲಸುಮೇಲೋಗರ ಮೂರು ತಿಂಗಳೂ ನಿಲ್ಲಲ್ಲ ಅಂದವರೇ ಹೆಚ್ಚು. ಎರಡು ವರ್ಷ ದಾಟಿದೆ, ಓಡುತ್ತಿದೆ.

ಮೊದಲು ದುಡ್ಡು. ಹಳೆಯ ಒರಾಕಲ್ ಇದ್ದದ್ದು ಐಬಿಎಂ ಪವರ್ ಸರ್ವರ್ ಮೇಲಿನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ. ಅಲ್ಲಿ ಕೋರ್ ಫ್ಯಾಕ್ಟರ್ (ಒಂದು ಕೋರಿಗೆ ಎಷ್ಟು ಲೈಸೆನ್ಸ್ ಎಂಬ ಒರಾಕಲ್ ಲೆಕ್ಕ) 1.0, ಅಂದರೆ 8 ಕೋರಿಗೆ 8 ಲೈಸೆನ್ಸ್. ನಾನು ಸಾಗಿಸಿದ ಎಕ್ಸ್86 (ಇಂಟೆಲ್ ಮಾದರಿ) ಸರ್ವರಿನಲ್ಲಿ 0.5, ಅಷ್ಟೇ ಕೋರಿಗೆ 4. ಕೊಂಡ ಲೈಸೆನ್ಸಿನ ಹಣ ವಾಪಸ್ ಬರಲ್ಲ. ಉಳಿದ 4ನ್ನು ಡಿಆರ್ (ಅವಘಡಕ್ಕೆಂದು ಇಟ್ಟ ಬದಲಿ) ಸರ್ವರಿಗೆ ಹಾಕಿದೆ, ಅದಕ್ಕೆಂದು ಕೊಳ್ಳಬೇಕಿದ್ದದ್ದು ತಪ್ಪಿತು.

ಎಐಎಕ್ಸ್ ಓಡುವ ಪವರ್ ಬಿಗ್ ಎಂಡಿಯನ್, ಎಕ್ಸ್86 ಲಿಟಲ್: ಬೈಟ್ ಜೋಡಿಸುವ ಕ್ರಮವೇ ಉಲ್ಟಾ. ಡೇಟಾಫೈಲ್ ಹಾಗೇ ಕಾಪಿ ಮಾಡಿದರೆ ಏಳುವುದಿಲ್ಲ. ಸುಮಾರು 600 ಜಿಬಿ ಇತ್ತು, ಒರಾಕಲ್‌ನ ಎಕ್ಸ್‌ಪೋರ್ಟ್-ಇಂಪೋರ್ಟ್ ಸಾಧನವಾದ ಡೇಟಾ ಪಂಪ್‌ನಲ್ಲೇ ಸಾಗಿಸಿದೆ. ಕ್ಯಾರೆಕ್ಟರ್ ಸೆಟ್ಟೂ (ಅಕ್ಷರಗಳಿಗೆ ಬೈಟ್ ಕೊಡುವ ಪಟ್ಟಿ) ಡಬ್ಲ್ಯುಇ8ಎಂಎಸ್‌ವಿನ್1252ರಿಂದ ಎಎಲ್32ಯುಟಿಎಫ್8ಕ್ಕೆ (ಯೂನಿಕೋಡಿಗೆ) ಬದಲಾಗಬೇಕಿತ್ತಲ್ಲ.

ನಿಜವಾಗಿ ಬೆವರಿಳಿಸಿದ್ದು ಇಲ್ಲೇ. ಹಳೆಯ ಹೆಸರುಗಳೆಲ್ಲ ನುಡಿ ಫಾಂಟಿನ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಕೋಡಿಗೆ ಕನ್ನಡದ ಆಕಾರ ಕೂರಿಸಿದ ಹಳೆಯ ಪದ್ಧತಿ). ಯೂನಿಕೋಡ್ ಮಾಡಿದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ವ್ಯಂಜನ, ಸ್ವರಚಿಹ್ನೆ, ಹಲಂತ ಮುಂತಾದವಕ್ಕೆ ಕೊಟ್ಟ ಒಂದೊಂದು ಸಂಖ್ಯೆ) 3 ಬೈಟ್. 'ಕೃಷ್ಣಮೂರ್ತಿ'ಗೆ 11 ಪಾಯಿಂಟ್, 33 ಬೈಟ್. ವಾರ್ಕ್ಯಾರ್2(30) ಕಾಲಮ್ಮಿಗೆ (30 ಬೈಟಿನದು) ಹಾಕಿದೊಡನೆ ಒಆರ್‌ಎ-12899 (ಕಾಲಮ್ಮಿಗೆ ಮೌಲ್ಯ ದೊಡ್ಡದಾಯಿತೆಂಬ ದೋಷ). ಎನ್‌ಎಲ್‌ಎಸ್_ಲೆಂತ್_ಸೆಮ್ಯಾಂಟಿಕ್ಸ್ ಅನ್ನು ಕ್ಯಾರ್ (ಬೈಟ್ ಬದಲು ಅಕ್ಷರ ಲೆಕ್ಕ) ಮಾಡಿದರೂ ಇಂಪೋರ್ಟ್ ಹಳೆಯ ಬೈಟ್ ಲೆಕ್ಕದಲ್ಲೇ ಟೇಬಲ್ ಕಟ್ಟುತ್ತದೆ. ಖಾಲಿ ಟೇಬಲ್‌ಗಳನ್ನು ಮೊದಲೇ ಕ್ಯಾರ್‌ನಲ್ಲಿ ಕಟ್ಟಿಟ್ಟು, ಆಮೇಲೆ ಡೇಟಾ ಮಾತ್ರ ತುಂಬಿ. ಆಗಲೂ ಡೀಫಾಲ್ಟ್ ಸೆಟ್ಟಿಂಗಿನಲ್ಲಿ 4000 ಕ್ಯಾರ್ ಅಂದರೆ 4000 ಬೈಟೇ ಮಿತಿ, ಕನ್ನಡಕ್ಕೆ 1333. ಷರಾ ಕಾಲಮ್‌ಗಳನ್ನು ಕ್ಲಾಬ್ (ಉದ್ದ ಪಠ್ಯದ ಕಾಲಮ್) ಮಾಡಿದೆ.

ಪರಿವರ್ತನೆಯ ಜಾವಾ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ಬರೀ ಪ್ರಶ್ನೆ ಚಿಹ್ನೆ. ಜೆಡಿಕೆ (ಜಾವಾ ಕಿಟ್) 18ಕ್ಕಿಂತ ಹಳೆಯದು ಆಪರೇಟಿಂಗ್ ಸಿಸ್ಟಮ್ಮಿನ ಎನ್‌ಕೋಡಿಂಗನ್ನೇ ಹಿಡಿಯುತ್ತದೆ, ಫೈಲ್.ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟ ಮೇಲೆ ಸರಿಹೋಯಿತು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮುಂಚೆ, ತಿರುಗಿಸಿ ಇಡಬೇಕು. ಅದೇ ಕಾಲಮ್ಮಿನಲ್ಲಿ ಇಂಗ್ಲಿಷ್ ಹೆಸರಿದ್ದರೆ ಅದೂ ಕನ್ನಡದ ಕಸವಾಗುತ್ತದೆ. ಎರಡನ್ನೂ ಬೇರ್ಪಡಿಸುವ ಉಪಾಯ ಇದೆ, ಅದನ್ನಿಲ್ಲಿ ಬಿಚ್ಚಿಡುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪ್ರಯೋಗ ಕೈಸುಟ್ಟಿತು. ಪ್ರೈಮರಿ (ಮುಖ್ಯ ಸರ್ವರ್) ರೆಡ್ ಹ್ಯಾಟ್ ಲಿನಕ್ಸ್ 7, ಅದರ ನಕಲಾದ ಸ್ಟ್ಯಾಂಡ್‌ಬೈ 8. ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.17ರಿಂದ 2.28ಕ್ಕೆ ಹೋಗುವಾಗ ಅಕ್ಷರ ವಿಂಗಡಣೆಯೇ ಬದಲಾಗಿದೆ, ಹಳೆಯ ಕ್ರಮದ ಇಂಡೆಕ್ಸ್ ಹೊಂದಲ್ಲ. ಸ್ಟ್ಯಾಂಡ್‌ಬೈ ಎದ್ದಿತು, ದೂರಿಲ್ಲ, ಹುಡುಕಿದರೆ ಮಾತ್ರ ಕೆಲವು ಸಾಲು ಸಿಗಲ್ಲ. ಎರಡು ಓಎಸ್ ಇದ್ದರೆ ಲಾಜಿಕಲ್ ರೆಪ್ಲಿಕೇಶನ್ನೇ (ಫೈಲಿನ ಬದಲು ಸಾಲುಗಳ ಬದಲಾವಣೆ ಕಳಿಸುವುದು) ಗತಿ. ಇನ್ನೊಂದು: ಒರಾಕಲಿಗೆ ಖಾಲಿ ಸ್ಟ್ರಿಂಗ್ ಅಂದರೆ ನಲ್ (ಮೌಲ್ಯವೇ ಇಲ್ಲ), ಪೋಸ್ಟ್‌ಗ್ರೆಸ್‌ಗೆ ಅಲ್ಲ. ರಿಪೋರ್ಟಿನ ಲೆಕ್ಕ ತಪ್ಪಿದರೆ ಅಲ್ಲೇ ನೋಡಿ.

ಬೆಳಗಿನ ಮೊದಲ ಲಾಗಿನ್ ನೇತಾಡುವುದಕ್ಕೆ ಟಾಮ್‌ಕ್ಯಾಟ್ ಕಾರಣ ಅಲ್ಲ. ಸುಮ್ಮನಿದ್ದ ಕನೆಕ್ಷನ್ನನ್ನು ಫೈರ್‌ವಾಲ್ ಒಂದು ಗಂಟೆಗೆ ಕತ್ತರಿಸುತ್ತದೆ, ಲಿನಕ್ಸ್ ಕೀಪ್‌ಅಲೈವ್ (ಕನೆಕ್ಷನ್ ಜೀವಂತವೇ ಎಂದು ತಟ್ಟಿ ನೋಡುವ ಸಂದೇಶ) ಡೀಫಾಲ್ಟಾಗಿ ಶುರುವಾಗುವುದೇ 7200 ಸೆಕೆಂಡಿಗೆ. ಒರಾಕಲ್ ಸರ್ವರಿನ ಎಸ್‌ಕ್ಯುಎಲ್‌ನೆಟ್.ಒಆರ್‌ಎಯಲ್ಲಿ ಎಕ್ಸ್‌ಪೈರ್_ಟೈಮ್ 10 (ನಿಮಿಷ) ಹಾಕಿ, ಕನೆಕ್ಷನ್ ಪೂಲ್‌ನಲ್ಲಿ ಟೆಸ್ಟ್‌ಆನ್‌ಬಾರೋ (ಕೊಡುವ ಮುನ್ನ ಕನೆಕ್ಷನ್ ಪರೀಕ್ಷಿಸುವುದು) ಆನ್ ಮಾಡಿ.