ಹಾಕಿದ ರೂಟ್ ಒಂದು, ಜಿಪಿಎಸ್ ತೋರಿಸುವುದು ಇನ್ನೊಂದು

ಕಂಪ್ಯೂಟರ್ ಮುಂದೆ ಕೂತು ಸಾಗರ, ಸಿಗಂದೂರು, ಕೊಲ್ಲೂರು ಅಂತ ಚಂದದ ರೂಟ್ ಹಾಕಿರುತ್ತಾರೆ. ಬೈಕ್ ಹತ್ತಿದರೆ ಜಿಪಿಎಸ್ ಹೊಸನಗರದ ಕಡೆ ತಿರುಗಿ ಅನ್ನುತ್ತದೆ. ಡಿವೈಸ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುವವರೂ ಇದ್ದಾರೆ. ಅದಕ್ಕೆ ಮೊದಲು ಇಷ್ಟು ನೋಡಿ.

ಕಂಪ್ಯೂಟರಿಗೂ ಡಿವೈಸಿಗೂ ಜೋಡಿಸುವ ಕೇಬಲ್‌ನಿಂದ ಶುರು ಮಾಡಿ. ಅಗ್ಗದ ಎಷ್ಟೋ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಫೈಲ್ ಸಾಗಿಸುವುದಿಲ್ಲ. ನಿಮ್ಮದು ಗಾರ್ಮಿನ್ ಕಂಪನಿಯ ಬೈಕ್ ಜಿಪಿಎಸ್ ಝೂಮೋ ಆದರೆ ಜಿಪಿಎಕ್ಸ್ ಫೈಲನ್ನು (ನಿಮ್ಮ ರೂಟ್ ಇರುವ ಫೈಲ್) ಡಿವೈಸಿನ ಗಾರ್ಮಿನ್ ಫೋಲ್ಡರ್ ಒಳಗಿನ ಜಿಪಿಎಕ್ಸ್ ಫೋಲ್ಡರ್‌ಗೆ ಹಾಕಿ, ಆಮೇಲೆ ಡಿವೈಸಿನ ಟ್ರಿಪ್ ಪ್ಲಾನರ್‌ನಲ್ಲಿ ಇಂಪೋರ್ಟ್ ಒತ್ತಿ. ಒತ್ತದೆ ರೂಟ್ ಬಂದಿಲ್ಲ ಅಂತ ಬೈಯುವವರೇ ಜಾಸ್ತಿ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ರೂಟ್ ಹಾಕಿದ್ದರೆ ಅದು ಕೊಡುವುದು ಕೆಎಂಎಲ್ ಎಂಬ ಬೇರೆ ಬಗೆಯ ಫೈಲ್. ಅದನ್ನು ಜಿಪಿಎಕ್ಸ್‌ಗೆ ಬದಲಿಸಿಕೊಳ್ಳಿ.

ಇನ್ನು ಎಲ್ಲರೂ ಎಡವುವ ಜಾಗ. ರೂಟ್ ಅಂದರೆ ಮುಖ್ಯವಾಗಿ ಕೆಲವು ಪಾಯಿಂಟ್‌ಗಳು. ಅವುಗಳ ನಡುವಿನ ದಾರಿಯನ್ನು ಡಿವೈಸ್ ತನ್ನ ಮ್ಯಾಪ್, ತನ್ನ ಸೆಟ್ಟಿಂಗ್ ನೋಡಿ ಮತ್ತೆ ಲೆಕ್ಕ ಹಾಕಬಹುದು. ಟ್ರ್ಯಾಕ್ ಹಾಗಲ್ಲ, ಎಳೆದ ಗೆರೆ ಎಳೆದ ಹಾಗೇ ಇರುತ್ತದೆ. ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ನಿಮ್ಮ ಡಿವೈಸಿನ ಮ್ಯಾಪ್ ಅದಕ್ಕಿಂತ ಹಳೆಯದಾದರೆ ಅದಕ್ಕೆ ಸೇತುವೆಯೇ ಗೊತ್ತಿಲ್ಲ. ಜೊತೆಗೆ ಫೆರಿ ಬೇಡ ಅಂತ ಸೆಟ್ಟಿಂಗ್ ಇದ್ದರೆ ಲಾಂಚ್ ದಾರಿಯೂ ಹೋಯಿತು, ಹಿನ್ನೀರು ಸುತ್ತಿಸದೆ ಇನ್ನೇನು ಮಾಡೀತು? ಮ್ಯಾಪ್ ಅಪ್‌ಡೇಟ್ ಮಾಡಿ. ಆಗಲೂ ಸೇತುವೆ ಕಾಣದಿದ್ದರೆ ಅಷ್ಟು ದೂರ ಟ್ರ್ಯಾಕ್ ನೋಡಿಕೊಂಡು ಓಡಿಸಿ. ಮಣ್ಣು ರಸ್ತೆ ಬೇಡ ಅನ್ನುವ ಸೆಟ್ಟಿಂಗೂ ಕಂಪ್ಯೂಟರ್, ಡಿವೈಸ್ ಎರಡರಲ್ಲೂ ಒಂದೇ ಥರ ಇರಲಿ.

ಪಾಯಿಂಟ್ ಇಡುವಾಗ ಪೂರ್ತಿ ಝೂಮ್ ಮಾಡಿ. ಆಗುಂಬೆ ಘಾಟಿಯ 14 ತಿರುವುಗಳ ಮೇಲೆ ದೂರದಿಂದ ಕ್ಲಿಕ್ ಮಾಡಿದರೆ ಪಾಯಿಂಟ್ ಕಾಡಿನೊಳಗೆ ಬೀಳುತ್ತದೆ. ಡಿವೈಡರ್ ಇರುವ ಹೆದ್ದಾರಿಯಲ್ಲಿ ಎದುರು ಬದಿಗೆ ಬಿದ್ದರೆ ಸುಮ್ನೆ ಮುಂದೆ ಹೋಗಿ ಯೂ ಟರ್ನ್ ಹೊಡೆಸುತ್ತದೆ. ಸರ್ಕಲ್ ಮೇಲೂ ಬೇಡ, ಪೇಟೆ ಒಳಗೂ ಬೇಡ. ಸರ್ಕಲ್ ದಾಟಿ, ನೀವು ಹಿಡಿಯಬೇಕಾದ ರಸ್ತೆಯ ನೇರ ಭಾಗದಲ್ಲಿ ಇಡಿ. ತೀರ್ಥಹಳ್ಳಿಯಿಂದ ಶೃಂಗೇರಿಗೆ ಆಗುಂಬೆ ಮೇಲೆ ಹೋಗಬೇಕು ಅಂತಿಟ್ಟುಕೊಳ್ಳಿ. ಎರಡು ತುದಿ ಮಾತ್ರ ಕೊಟ್ಟರೆ ಕೊಪ್ಪದ ಮೇಲೆ ಕರೆದೊಯ್ಯಬಹುದು. ಆಗುಂಬೆ ದಾಟಿದ ಮೇಲೆ ಶೃಂಗೇರಿ ರಸ್ತೆಯಲ್ಲಿ ಒಂದು ಪಾಯಿಂಟ್ ಇದ್ದರೆ ಆ ತಲೆನೋವಿಲ್ಲ.

ಎಲ್ಲ ಪಾಯಿಂಟನ್ನೂ ವಯಾ ಪಾಯಿಂಟ್ ಮಾಡಬೇಡಿ. ಚಹಾಕ್ಕೋ ಪೆಟ್ರೋಲಿಗೋ ನಿಜವಾಗಿ ನಿಲ್ಲುವ ಕಡೆ ಮಾತ್ರ ವಯಾ, ಉಳಿದದ್ದು ಶೇಪಿಂಗ್ ಪಾಯಿಂಟ್, ಅಂದರೆ ನಿಲ್ಲಬೇಕಿಲ್ಲ, ದಾರಿ ಯಾವುದು ಅಂತ ತೋರಿಸಲು ಮಾತ್ರ. ವಯಾ ತಪ್ಪಿದರೆ ಸ್ಕಿಪ್ ಒತ್ತುವ ತನಕ ವಾಪಸ್ ಹೋಗಿ ಅಂತ ಪೀಡಿಸುತ್ತಲೇ ಇರುತ್ತದೆ.

ರೀಕ್ಯಾಲ್ಕ್ಯುಲೇಶನ್, ಅಂದರೆ ದಾರಿಯನ್ನು ಮತ್ತೆ ಲೆಕ್ಕ ಹಾಕುವುದು, ತಾನಾಗಿಯೇ ಆಗುವುದು ನನಗೆ ಸೇರದು. ದಾರಿ ತಪ್ಪಿದಾಗ ನಿಮ್ಮನ್ನು ಕೇಳಿ ಬದಲಿಸುವ ಹಾಗೆ ಇಟ್ಟುಕೊಳ್ಳಿ. ಶಿವಮೊಗ್ಗದಿಂದ ಹಾಕಿದ ರೂಟನ್ನು ರಿಪ್ಪನ್‌ಪೇಟೆಯಲ್ಲಿ ಶುರು ಮಾಡುತ್ತಿದ್ದರೆ, ಮುಂದಿನ ಗುರಿ ಯಾವುದು ಅಂತ ಕೇಳಿದಾಗ ಮೊದಲ ಪಾಯಿಂಟ್ ಒತ್ತಬೇಡಿ, ತಿರುಗಿ ಶಿವಮೊಗ್ಗಕ್ಕೇ ಎಳೆಯುತ್ತದೆ. ನಿಮ್ಮ ಮುಂದಿರುವ ಪಾಯಿಂಟ್ ಆರಿಸಿ.