ಸ್ಪ್ಯಾನಿಷ್‌ನ ‘ಯಾವೆ’: ಕೀಲಿಕೈ, ನಳ, ಪಾನಾ

ಸ್ಪ್ಯಾನಿಷ್ ಕಲಿಯುವವರು ಮನೆ ಸಾಮಾನಿನ ಹೆಸರುಗಳಲ್ಲಿ ಮೊದಲು ಇದನ್ನು ಹಿಡಿಯಲಿ ಅನ್ನುವವನು ನಾನು. ಅರ್ಥ ಕೀಲಿಕೈ. ಬರೆಯುವುದು ಎಲ್, ಎಲ್, ಎ, ವಿ, ಇ. ಹೇಳುವುದು ‘ಯಾವೆ’. ಬ್ಯೂನಸ್ ಐರಿಸ್ ಕಡೆಯವರು ‘ಶಾವೆ’ ಅಂತಾರೆ. ‘ಲಾವೆ’ ಅಂತ ಮಾತ್ರ ಓದಬೇಡಿ.

ನಮ್ಮ ಬೆಳಗಾವಿಯವರಿಗೆ ಇದು ಸುಲಭ. ಬೈಕಿನ ‘ಚಾವಿ’ ಎಲ್ಲಿ ಅಂತ ಕೇಳ್ತೀವಿ, ಅಲ್ವಾ? ಆ ಚಾವಿ ಪೋರ್ಚುಗೀಸರ ಪದದಿಂದ ಬಂದದ್ದು. ಅದಕ್ಕೂ ಯಾವೆಗೂ ಮೂಲ ಒಂದೇ, ಲ್ಯಾಟಿನ್‌ನ ‘ಕ್ಲಾವಿಸ್’. ಅದರ ‘ಕ್ಲ’ ಪೋರ್ಚುಗೀಸಿನಲ್ಲಿ ‘ಚ’ ಆಯಿತು, ಸ್ಪ್ಯಾನಿಷ್‌ನಲ್ಲಿ ‘ಯ’ ಕಡೆಗೆ ಜಾರಿತು.

ಇದು ಸ್ತ್ರೀಲಿಂಗ. ಒಂದಾದರೆ ‘ಲಾ ಯಾವೆ’, ಗೊಂಚಲಾದರೆ ‘ಲಾಸ್ ಯಾವೆಸ್’. ಗೊಂಚಲು ಹಾಕುವ ರಿಂಗು ‘ಯಾವೆರೋ’, ಅದು ಪುಲ್ಲಿಂಗ.

ಬಾಗಿಲ ವಿಷಯದಲ್ಲಿ ಸ್ವಲ್ಪ ಹುಷಾರು. ‘ಸಿಯೆರ್ರಾ ಲಾ ಪ್ವೆರ್ತಾ’ ಅಂದರೆ ಬಾಗಿಲು ಮುಚ್ಚು, ಅಷ್ಟೇ. ಕೀಲಿ ಹಾಕು ಅನ್ನಬೇಕಾದರೆ ಕೊನೆಗೆ ‘ಕೋನ್ ಯಾವೆ’ ಸೇರಿಸಬೇಕು. ಇಲ್ಲಿ ನಡುವೆ ‘ಲಾ’ ಬೇಡ. ಇನ್ನು ಕೀಲಿಗೆ, ಅಂದರೆ ಬೀಗಕ್ಕೆ, ಬೇರೆಯೇ ಹೆಸರು: ಬಾಗಿಲಿನೊಳಗೆ ಕೂಡಿಸಿದ್ದು ‘ಸೆರ್ರಾದೂರಾ’, ಕೊಂಡಿಗೆ ತೂಗುಹಾಕುವುದು ‘ಕಾಂದಾದೋ’.

ಕೀಲಿಕೈ ದಾಟಿದ ಮೇಲೇ ಮಜಾ ಇರುವುದು. ಮೆಕ್ಸಿಕೋದಲ್ಲಿ ನಳವೂ ಯಾವೆಯೇ. ‘ಆಗ್ವಾ ದೆ ಲಾ ಯಾವೆ’ ಅಂದರೆ ನಳದ ನೀರು. ಸ್ಪೇನಿನಲ್ಲಿ ನಳಕ್ಕೆ ‘ಗ್ರಿಫೋ’ ಅನ್ನಿ. ಆದರೆ ಅಲ್ಲೂ ಇಡೀ ಮನೆಯ ನೀರು ಬಂದ್ ಮಾಡುವ ವಾಲ್ವ್ ಮಾತ್ರ ‘ಯಾವೆ ದೆ ಪಾಸೋ’. ಬಾಡಿಗೆ ಮನೆಗೆ ಹೋದ ದಿನವೇ ಅದು ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ. ಪೈಪ್ ಒಡೆದಾಗ ವ್ಯಾಕರಣ ನೆನಪಾಗಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಮೂರನೇ ಅರ್ಥ. ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಟೂಲ್ ರೂಮ್ ನೋಡಿಕೊಳ್ಳುವವನು. ನಟ್ಟು ಬಿಚ್ಚುವ ಪಾನಾ ಕೂಡ ಯಾವೆ! ಬಾಯಿ ಹಿಗ್ಗಿಸಿ ಕುಗ್ಗಿಸುವ ಪಾನಾಕ್ಕೆ ‘ಯಾವೆ ಇಂಗ್ಲೆಸಾ’, ಅಂದರೆ ಇಂಗ್ಲಿಷ್ ಪಾನಾ. ಆರು ಮೂಲೆಯ ತೂತಿರುವ ಸ್ಕ್ರೂ ತಿರುಗಿಸುವ ಅಲೆನ್ ಕೀ ಸುಮ್ನೆ ‘ಯಾವೆ ಅಲೆನ್’. ಹಾಗಾಗಿ ‘ಪಾಸಾಮೆ ಲಾ ಯಾವೆ’ (ಯಾವೆ ಕೊಡು) ಅಂತ ಗ್ಯಾರೇಜಿನಲ್ಲಿ ಹೇಳಿದರೆ ಕೈಗೆ ಪಾನಾ ಬರುತ್ತದೆ. ಕೀಲಿಕೈಯೇ ಬೇಕಿದ್ದರೆ ಯಾವುದರದ್ದು ಅಂತ ಹೇಳಿ. ಕಾರಿನದಾದರೆ ‘ಲಾ ಯಾವೆ ದೆಲ್ ಕೋಚೆ’. ಸ್ಪೇನಿನಲ್ಲಿ ಕಾರಿಗೆ ‘ಕೋಚೆ’ ಅಂತಾರೆ, ಮೆಕ್ಸಿಕೋದಲ್ಲಿ ‘ಕೋಚೆ’, ‘ಕಾರ್ರೋ’ ಎರಡೂ ನಡೆಯುತ್ತವೆ.

‘ಕ್ಲಾವೆ’ ಅಂತ ಇನ್ನೊಂದು ಪದವಿದೆ. ಅದೂ ಕ್ಲಾವಿಸ್‌ನದೇ ಸಂತಾನ. ಆದರೆ ಅದರಿಂದ ಬಾಗಿಲು ತೆಗೆಯಲು ಬರುವುದಿಲ್ಲ, ಅದು ಪಾಸ್‌ವರ್ಡ್. ಹೋಟೆಲಿನಲ್ಲಿ ರೂಮಿಗೆ ಯಾವೆ ಕೇಳಿ, ವೈಫೈಗೆ ಕ್ಲಾವೆ ಕೇಳಿ.