ಕುಡಿಯುವ ನೀರಿನ ಕೊಡವನ್ನು ಕಾಯುವುದು ಹೇಗೆ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ 31 ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾಗಿದ್ದೇನೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರವೇ ಯಾವುದಾದರೊಂದು ಊರಿನಿಂದ ವಾಂತಿ-ಭೇದಿಯ ಸುದ್ದಿ ಬರುತ್ತಿತ್ತು. ಅಂಥ ಒಂದು ಊರಿನಲ್ಲಿ ಬೀದಿ ನಲ್ಲಿಯ ನೀರನ್ನು ಕ್ಲೋರಿನ್ ಪರೀಕ್ಷಿಸುವ ಕ್ಲೋರೊಸ್ಕೋಪಿನ ಗಾಜಿನ ಕೊಳವೆಗೆ ಹಿಡಿದು ಪರೀಕ್ಷೆಯ ದ್ರಾವಣ ಹಾಕಿದೆ. ತಿಳಿ ಹಳದಿ ಬಣ್ಣ ಬಂತು. ರೋಗಾಣು ಕೊಲ್ಲುವ ಕ್ಲೋರಿನ್ ನೀರಿನಲ್ಲಿ ಇದೆ ಎಂದರ್ಥ. ಆದರೆ ನಲ್ಲಿಯ ಎದುರಿನ ಮನೆಯಲ್ಲೇ ಎರಡು ಮಕ್ಕಳು ಭೇದಿಯಾಗಿ ಮಲಗಿದ್ದವು.

ಆ ಮಕ್ಕಳ ತಾಯಿ, ‘ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿಯಿರಿ ಸಿಸ್ಟರ್’ ಎಂದು ಕೊಡದಲ್ಲಿ ಲೋಟ ಅದ್ದಿದಳು. ಲೋಟದ ಜೊತೆ ನಾಲ್ಕು ಬೆರಳೂ ಎರಡನೆಯ ಗೆಣ್ಣಿನವರೆಗೆ ಮುಳುಗಿದವು. ಸ್ವಲ್ಪ ಹೊತ್ತಿನ ಹಿಂದಷ್ಟೇ ಆಕೆ ಅದೇ ಕೈಯಿಂದ ಮಗುವಿನ ಮಲ ತೊಳೆದದ್ದನ್ನು ನಾನು ನೋಡಿದ್ದೆ. ಆ ಲೋಟದ ನೀರನ್ನೇ ಕೊಳವೆಗೆ ಹಾಕಿದೆ. ಬಣ್ಣವೇ ಬರಲಿಲ್ಲ. ಬೆರಳಿನ ಕೊಳೆ, ಕೊಡದ ಒಳಮೈಯ ಲೋಳೆ ಸೇರಿ ಇದ್ದ ಕ್ಲೋರಿನ್ನನ್ನೆಲ್ಲ ತಿಂದುಹಾಕಿದ್ದವು.

ಆದ್ದರಿಂದ ಕೆಲಸವನ್ನು ಕೊಡದಿಂದಲೇ ಆರಂಭಿಸಿ. ಕೊಡಕ್ಕೆ ಕೈ ಇಳಿಯಲೇಬಾರದು. ಉದ್ದ ಹಿಡಿಯ ಸೌಟನ್ನು ಕೊಡದ ಪಕ್ಕದ ಮೊಳೆಗೆ ನೇತುಹಾಕಿ, ನೆಲದ ಮೇಲಿಡಬೇಡಿ. ಕೆಳಗೆ ನಲ್ಲಿ ಇರುವ ಪಾತ್ರೆಯಾದರೆ ಇನ್ನೂ ಒಳ್ಳೆಯದು. ಪ್ರತಿದಿನ ಕೊಡ ಖಾಲಿ ಮಾಡಿ ಒಳಮೈಯನ್ನು ಉಜ್ಜಿ ತೊಳೆಯಿರಿ. ಬೆರಳಿಗೆ ಜಾರುಜಾರಾಗಿ ಹತ್ತಿದರೆ ಲೋಳೆ ಹೋಗಿಲ್ಲ, ಮತ್ತೊಮ್ಮೆ ಉಜ್ಜಿ. ಶೌಚಕ್ಕೆ ಹೋಗಿ ಬಂದಾಗ, ಮಗುವನ್ನು ತೊಳೆದಾಗ, ಅಡುಗೆಗೆ ಕುಳಿತಾಗ ಸೋಪು ಹಚ್ಚಿ ಕೈ ತೊಳೆಯಿರಿ. ರಕ್ತಭೇದಿ ತರುವ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಹತ್ತರಿಂದ ನೂರರಷ್ಟು ಹೊಟ್ಟೆ ಸೇರಿದರೂ ಸಾಕು, ರೋಗ ಬರುತ್ತದೆ. ಅಷ್ಟಕ್ಕೆ ಉಗುರಿನ ಸಂದಿಯೇ ಧಾರಾಳ.

ನಮ್ಮ ಕಡೆ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಕುಸಿದು, ಚರಂಡಿಯಲ್ಲಿ ಮುಳುಗಿರುವ ಬಿರುಕುಗಳಿಂದ ಕೊಳಚೆ ಒಳಕ್ಕೆ ನುಗ್ಗುತ್ತದೆ. ಹಾಗಾಗಿ ನೀರು ಬಿಟ್ಟ ಕೂಡಲೇ ಕೊಡ ಒಡ್ಡಬೇಡಿ. ಮೊದಲ ಐದಾರು ನಿಮಿಷದ ನೀರು ಗಿಡಕ್ಕೆ ಹೋಗಲಿ. ಸರದಿಯಲ್ಲಿ ಮೊದಲ ಕೊಡಕ್ಕಾಗಿ ಜಗಳವಾಡುವುದನ್ನು ಎಷ್ಟೋ ಸಲ ನೋಡಿ ಸಂಕಟಪಟ್ಟಿದ್ದೇನೆ.

ಬಟ್ಟೆಯಲ್ಲಿ ಸೋಸಿದರೆ ಸಾಕೇ ಎಂದು ಕೇಳುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಸಲ ಮಡಚಿ ಕೆರೆ, ಹೊಳೆಯ ನೀರನ್ನು ಸೋಸಿ ಕುಡಿದಾಗ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಾಲರಾ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವ ಅತಿ ಚಿಕ್ಕ ಪ್ರಾಣಿಗಳ ಮೈಗೆ ಅಂಟಿಕೊಂಡಿರುವುದರಿಂದ ಅವುಗಳ ಜೊತೆ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಟೈಫಾಯಿಡ್, ಕಾಮಾಲೆಯ ರೋಗಾಣುಗಳು ಹಾಗೆ ಸಿಗುವುದಿಲ್ಲ. ಸೋಸಿದ ಮೇಲೂ ನೀರನ್ನು ಕುದಿಸಬೇಕು. ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಲದು, ಕೊತಕೊತನೆ ಒಂದು ನಿಮಿಷ ಕುದಿಯಲಿ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಸೌದೆ ಇಲ್ಲದವರು ಆಶಾ ಕಾರ್ಯಕರ್ತೆಯಿಂದ ಕ್ಲೋರಿನ್ ಮಾತ್ರೆ ಪಡೆದು, ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ರಾಡಿ ನೀರಾದರೆ ಮೊದಲು ತಿಳಿಯಾಗಲು ಬಿಡಿ, ಇಲ್ಲದಿದ್ದರೆ ಮಾತ್ರೆಯ ಶಕ್ತಿಯೆಲ್ಲ ರಾಡಿಗೇ ಹೋಗುತ್ತದೆ.

ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಎಲ್ಲರ ಮನೆಯ ರೂಢಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಕುದಿಗೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ.

ಕಾಯಿಲೆ ಬಿದ್ದಾಗ ಎಲ್ಲರೂ ನಿನ್ನೆಯ ಊಟವನ್ನು ಬೈಯುತ್ತಾರೆ. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ಕಾಣಿಸುತ್ತದೆ ನಿಜ. ಟೈಫಾಯಿಡ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ನೀರಿನಿಂದ ಬರುವ ಕಾಮಾಲೆಯಾದರೆ ತಿಂಗಳ ಹಿಂದಿನ ಜಾತ್ರೆಯಲ್ಲಿ ಕುಡಿದ ಶರಬತ್ತನ್ನೂ ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಭೇದಿ ಶುರುವಾದರೆ ನೀರು ನಿಲ್ಲಿಸಬೇಡಿ. ಎದೆಹಾಲನ್ನಂತೂ ನಿಲ್ಲಿಸಲೇಬೇಡಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕಲಸಿ. ಅರ್ಧ ಪೊಟ್ಟಣ ಎತ್ತಿಡುವ ಉಳಿತಾಯ ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಿ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಾಗ ಮಡಿಕೆ ಕೂಡಲೇ ಮಾಯವಾಗದೆ ನಿಧಾನವಾಗಿ ಇಳಿದರೆ, ಕಣ್ಣು ಗುಳಿಬಿದ್ದಿದ್ದರೆ, ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಬಾಯಿಗೆ ಹನಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.